ಮಾಜಿ ಮಂತ್ರಿಗಳ ಮಾಮ

ನಮ್ಮ ಹೋಟೆಲಿನಲ್ಲಿ ಗಿರಾಕಿಗಳನ್ನು ಗಡೀಪಾರು ಮಾಡುವ ಅಧಿಕಾರ ಒಬ್ಬರಿಗೆ ಮಾತ್ರ ಇತ್ತು. ಚೆನ್ನೈಯ ಕ್ರೋಂಪೇಟೆ ಸ್ಟೇಷನ್ನಿನಲ್ಲಿ ಇಳಿದು ಬರುವ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ನಾಲ್ಕು ಮಂದಿ ಸೇರಿ ಒಂದು ಕಾಫಿ ಹೇಳಿ ಒಂದೂವರೆ ಗಂಟೆ ಮೇಜು ಹಿಡಿದು ಕೂತರೆ, ಗಲ್ಲಾದಲ್ಲಿ ಕೂತ ನನಗೆ ಹಲ್ಲು ಕಡಿಯುವುದು ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ಅವರು ಹಾಗಲ್ಲ. ಇಸ್ತ್ರಿ ಮಾಡಿದ ಅರ್ಧ ತೋಳಿನ ಬಿಳಿ ಅಂಗಿ, ಹಣೆಯಲ್ಲಿ ನಾಮ, ಕಂಕುಳಲ್ಲಿ ಒಂದು ಫೈಲು. ಮೇಜಿನ ಹತ್ತಿರ ಹೋಗಿ ಕೈಮುಗಿದು, "ತಂಬಿ, ಉಂಗ ವಿಸಾ ಮುಡಿಂಜು ಪೋಚ್ಚು" ಎನ್ನುತ್ತಿದ್ದರು. ವಿಸಾ ಮುಗಿದಿದೆ, ಮುಂದುವರಿಸುವ ಇಚ್ಛೆ ಇದ್ದರೆ ಇನ್ನೊಂದು ಕಾಫಿಯ ಮೂಲಕ ಅರ್ಜಿ ಹಾಕಿಕೊಳ್ಳಬಹುದು ಎಂದು ಅದೇ ತಮಿಳಿನಲ್ಲಿ ವಿವರಿಸುತ್ತಿದ್ದರು. ಮಕ್ಕಳು ನಗುತ್ತಾ ಎದ್ದು ಹೋಗುತ್ತಿದ್ದವು. ಮರುದಿನ ಅವೇ ಮಕ್ಕಳು ಬಾಗಿಲಲ್ಲಿ ಸಾಲಾಗಿ ನಿಂತು ಪ್ರವೇಶಕ್ಕೆ ಅನುಮತಿ ಕೇಳುತ್ತಿದ್ದವು.

ಕಳೆದ ತಿಂಗಳು ಮಾಧವರಂನಲ್ಲಿ ತಮ್ಮ ತಂಗಿಯ ಮನೆಯಲ್ಲಿ ಅವರು ತೀರಿಕೊಂಡರು. ಹೋದವರ ವಿಷಯ ಬರೆಯುವಾಗ ಮುಖ ಗಂಟು ಹಾಕಿಕೊಳ್ಳಬೇಕೆಂಬುದು ವಾಡಿಕೆ. ನಾನು ಮೂರು ಸಲ ಹಾಗೇ ಶುರು ಮಾಡಿದೆ, ಮೂರು ಸಲವೂ ನಗು ಬಂದು ಕೆಟ್ಟಿತು. ಹೆಸರು ಬರೆಯುವುದಿಲ್ಲ. "ಪೇಪರಲ್ಲಿ ಹೆಸರು ಬಂದವರ ಗತಿ ಏನಾಗುತ್ತೆ ಅಂತ ನಾನು ಕಣ್ಣಾರೆ ನೋಡಿದ್ದೀನಮ್ಮಾ" ಎನ್ನುತ್ತಿದ್ದ ಮನುಷ್ಯ. ನಮಗೆಲ್ಲ ಅವರು ಮಾಮ, ಅಷ್ಟೇ.

ಅವರು ನಮ್ಮಲ್ಲಿಗೆ ಮೊದಲು ಬಂದದ್ದು ಊಟಕ್ಕೆ. ಊಟ ಮಾಡಿ, ಕೈತೊಳೆದು, ಗಲ್ಲಾದ ಹತ್ತಿರ ಬಂದು ನನ್ನ ಮುಂದೆ ಒಂದು ಹಾಳೆ ಇಟ್ಟರು. ಮೇಲ್ಗಡೆ 'ತಪಾಸಣಾ ವರದಿ' ಎಂದು ಬರೆದು ಅಡಿಗೆರೆ ಎಳೆದಿದ್ದರು. ಒಂದು, ಸಾಂಬಾರು ತೃಪ್ತಿಕರ. ಎರಡು, ಒಳಬರುವವರೂ ಹೊರಹೋಗುವವರೂ ಒಂದೇ ಬಾಗಿಲಲ್ಲಿ ಡಿಕ್ಕಿ ಹೊಡೆಯುತ್ತಾರೆ, ಇದಕ್ಕೆ ಯಾರೂ ಜವಾಬ್ದಾರರಿಲ್ಲ. ಮೂರು, ಗಲ್ಲಾದಲ್ಲಿರುವ ಮಹಿಳೆ ಸಭ್ಯರು, ಆದರೆ ಬಂದವರ ಮುಖ ನೋಡುವುದಿಲ್ಲ. ನನ್ನ ಯಜಮಾನರು ಅದನ್ನೋದಿ ಹೊಟ್ಟೆ ಹಿಡಿದುಕೊಂಡು ನಕ್ಕರು, ನಕ್ಕ ಭರದಲ್ಲಿ ಆ ಮುದುಕರಿಗೆ ಸೂಪರ್‌ವೈಸರ್ ಕೆಲಸವನ್ನೂ ಕೊಟ್ಟುಬಿಟ್ಟರು. ಹೋಟೆಲಿನ ಮಾಳಿಗೆಯ ಮೇಲೆ ಒಂದು ಕೋಣೆಯನ್ನೂ ಬಿಟ್ಟುಕೊಟ್ಟರು. ನಾನು ಎರಡು ದಿನ ಇಬ್ಬರ ಜೊತೆಯೂ ಮಾತು ಬಿಟ್ಟೆ. ಮೂರನೆಯ ದಿನದಿಂದ ಬಂದವರ ಮುಖ ನೋಡಲು ಶುರು ಮಾಡಿದೆ.

ಅವರದು ತಿರುವಲ್ಲಿಕ್ಕೇಣಿಯಲ್ಲಿ ನಾಲ್ಕು ತಲೆಮಾರಿನಿಂದ ನೆಲೆಸಿದ ವೈಷ್ಣವ ಮನೆತನ. ಮೈಸೂರು ಸೀಮೆ ಬಿಟ್ಟು ಬಂದದ್ದು ಯಾವ ಕಾಲದಲ್ಲೋ. ಮನೆಮಾತು ಕನ್ನಡವೇ, ಆದರೆ ಒಂದು ವಾಕ್ಯ ಕನ್ನಡದಲ್ಲಿ ಹೊರಟರೆ ತಮಿಳಿನಲ್ಲಿ ರಾತ್ರಿ ಕಳೆದು ಇಂಗ್ಲಿಷಿನಲ್ಲಿ ಮನೆ ಸೇರುತ್ತಿತ್ತು. ನಾವು ಉಡುಪಿ ಕಡೆಯವರು, ನಮ್ಮ ಕನ್ನಡವೇ ಬೇರೆ. ಮೊದಲ ಒಂದು ವಾರ ಇಬ್ಬರೂ ಒಬ್ಬರಿಗೊಬ್ಬರು ಅರ್ಥವಾದಂತೆ ತಲೆಯಾಡಿಸಿದೆವು. ಆಮೇಲೆ ನಿಜವಾಗಿಯೂ ಅರ್ಥವಾಯಿತು.

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಶಾರ್ಟ್‌ಹ್ಯಾಂಡ್ ಕಲಿತು, ಪತ್ರಿಕೆಯ ಜಾಹೀರಾತು ನೋಡಿ ಅರ್ಜಿ ಹಾಕಿ, ಪೂರ್ವ ಆಫ್ರಿಕಾದ ಒಂದು ದೇಶಕ್ಕೆ ಹೊರಟವರು ಅವರು. ಅಲ್ಲಿ ಒಳಾಡಳಿತ ಮಂತ್ರಿಯ ಕಚೇರಿಯಲ್ಲಿ ಸ್ಟೆನೋ. ಇಪ್ಪತ್ತಾರು ವರ್ಷ ಅದೇ ಕೋಣೆ, ಅದೇ ಟೈಪ್‌ರೈಟರು. ಅಷ್ಟರಲ್ಲಿ ಆರು ಮಂದಿ ಮಂತ್ರಿಗಳು ಬಂದರು, ಹೋದರು. "ನಿಮ್ಮನ್ನು ಮಾತ್ರ ಯಾಕೆ ತೆಗೀಲಿಲ್ಲ ಮಾಮಾ?" ಎಂದು ಕೇಳಿದರೆ, "ಅಲ್ಲಿ ನನಗೆ ಓಟು ಇಲ್ಲ, ಊರು ಇಲ್ಲ, ಅತ್ತಿಗೆ ನಾದಿನಿ ಯಾರೂ ಇಲ್ಲ. ಎಲ್ಲಾ ಪಾರ್ಟಿಗೂ ನಾನು ಸೇಫ್" ಎನ್ನುತ್ತಿದ್ದರು. ಯಾವ ದೇಶ ಎಂದು ಮಾತ್ರ ಕೊನೆಯವರೆಗೂ ಬಾಯಿಬಿಡಲಿಲ್ಲ. ಸರ್ಕಾರಿ ರಹಸ್ಯವಂತೆ. ಅವರು ಸ್ನಾನಕ್ಕೆ ಒಯ್ಯುವ ಟವೆಲ್ಲಿನ ಮೇಲೆ ಆ ದೇಶದ ಬಾವುಟವೂ ಹೆಸರೂ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದವು. ನಾವೆಲ್ಲ ಓದು ಬಾರದವರ ಹಾಗೆ ಸುಮ್ಮನಿರುತ್ತಿದ್ದೆವು.

ಒಳಾಡಳಿತ ಮಂತ್ರಿಯ ಹುದ್ದೆ ಎಂದರೇನು ಎಂದು ನಾನು ಕಲಿತದ್ದು ಅವರಿಂದಲೇ. "ನೋಡಮ್ಮಾ, ವಿದೇಶಾಂಗದವನು ಪ್ಲೇನಲ್ಲಿ ನಿದ್ದೆ ಮಾಡ್ತಾನೆ. ಕೃಷಿ ಮಂತ್ರಿ ಸಭೇಲಿ ನಿದ್ದೆ ಮಾಡ್ತಾನೆ. ಒಳಾಡಳಿತದವನಿಗೆ ಮಾತ್ರ ತೂಕ್ಕಮೇ ಇಲ್ಲೆ, ನಿದ್ದೇನೇ ಇಲ್ಲ. ಕೈದಿ ಓಡಿಹೋದ್ರೆ ಅವನ ತಲೆಗೆ, ಗಡಿ ದಾಟಿ ದನ ಹೋದ್ರೆ ಅವನ ತಲೆಗೆ, ಯಾರದೋ ಪಾಸ್‌ಪೋರ್ಟಲ್ಲಿ ಫೋಟೋ ತಲೆಕೆಳಗಾದ್ರೆ ಅದೂ ಅವನ ತಲೆಗೆ." ಇಡೀ ದೇಶದ ಪೊಲೀಸರು ಕೈಕೆಳಗಿದ್ದ ಒಬ್ಬ ಮಂತ್ರಿಗೆ ಹಲ್ಲಿ ಕಂಡರೆ ಆಗುತ್ತಿರಲಿಲ್ಲವಂತೆ. ಅವರು ಕಚೇರಿಗೆ ಬರುವ ಮುಂಚೆ ಮಾಮ ಗೋಡೆಗಳ 'ಭದ್ರತಾ ತಪಾಸಣೆ' ಮಾಡಿ ಸಹಿ ಹಾಕಬೇಕಿತ್ತು. ಇನ್ನೊಬ್ಬರು ಬಚ್ಚಲುಮನೆಯ ಕನ್ನಡಿಯ ಮುಂದೆ ಸೆಲ್ಯೂಟ್ ಸ್ವೀಕರಿಸುವ ಅಭ್ಯಾಸ ಮಾಡುತ್ತಿದ್ದರು. ಅದನ್ನು ಮಾಮ ನಮ್ಮ ಕೈತೊಳೆಯುವ ಜಾಗದ ಕನ್ನಡಿಯ ಮುಂದೆ ಮಾಡಿ ತೋರಿಸುವಾಗ ನನ್ನ ಮಗಳು ನೆಲದ ಮೇಲೆ ಕೂತು ನಗುತ್ತಿದ್ದಳು.

ಆದರೆ ಒಂದು ವಿಷಯವನ್ನು ಅವರು ನಗದೆ ಹೇಳುತ್ತಿದ್ದರು. ಅದು ಒಂದು ಗಂಟೆಯ ವಾರ್ತೆ.

ಆ ದೇಶದಲ್ಲಿ ಮಂತ್ರಿಯನ್ನು ತೆಗೆದರೆ ಯಾರೂ ಮಂತ್ರಿಗೆ ಹೇಳುತ್ತಿರಲಿಲ್ಲ. ಕಾಗದ ಬರುತ್ತಿರಲಿಲ್ಲ, ಫೋನು ಬರುತ್ತಿರಲಿಲ್ಲ. ಮಧ್ಯಾಹ್ನ ಒಂದು ಗಂಟೆಯ ರೇಡಿಯೋ ವಾರ್ತೆಯಲ್ಲಿ ಓದಿಬಿಡುತ್ತಿದ್ದರು, ಅಷ್ಟೇ. ಊರವರಿಗೆ ತಿಳಿಯುವ ಹೊತ್ತಿಗೇ ಮಂತ್ರಿಗೂ ತಿಳಿಯಬೇಕು. ಹಾಗಾಗಿ ಹನ್ನೆರಡೂಮುಕ್ಕಾಲರ ನಂತರ ಆ ಕಚೇರಿಯಲ್ಲಿ ಯಾವ ಕಡತಕ್ಕೂ ಸಹಿ ಬೀಳುತ್ತಿರಲಿಲ್ಲ, ಯಾರೂ ಊಟದ ಡಬ್ಬಿ ಬಿಚ್ಚುತ್ತಿರಲಿಲ್ಲ. ವಾರ್ತೆ ಮುಗಿದು ಹವಾಮಾನ ಶುರುವಾದಾಗ ಇಡೀ ಕಟ್ಟಡ ಒಟ್ಟಿಗೆ ಉಸಿರು ಬಿಟ್ಟು ಊಟಕ್ಕೆ ಕೂರುತ್ತಿತ್ತು.

ಹೆಸರು ಓದಿದ ದಿನ ಏನಾಗುತ್ತಿತ್ತು? ಐದು ನಿಮಿಷದೊಳಗೆ ಮಂತ್ರಿಯ ಕೋಣೆ ಖಾಲಿ. ಆಪ್ತ ಕಾರ್ಯದರ್ಶಿ ಇಲ್ಲ, ಡ್ರೈವರ್ ಇಲ್ಲ, ಬಾಗಿಲ ಪೊಲೀಸಿನವನೂ ಇಲ್ಲ. ಹೊಸ ಮಂತ್ರಿಯ ಮನೆ ಬಾಗಿಲಲ್ಲಿ ನಿಲ್ಲಲು ಎಲ್ಲರೂ ಓಡಿರುತ್ತಿದ್ದರು. ಉಳಿಯುತ್ತಿದ್ದವರು ಮಾಮ ಒಬ್ಬರೇ. ಅವರದೇ ಒಂದು ಕ್ರಮ ಇತ್ತು. ಮೊದಲು ಬಾಗಿಲು ಒಳಗಿನಿಂದ ಹಾಕುವುದು. ಒಂದು ಲೋಟ ನೀರನ್ನು ಮಂತ್ರಿಯ ಎರಡೂ ಕೈಗೆ ಕೊಡುವುದು. ಒಂದು ಕೈಗೆ ಕೊಟ್ಟರೆ ಲೋಟ ಬೀಳುತ್ತದೆ ಎಂಬುದು ಅವರ ಅನುಭವ. ಟೆಲಿಫೋನ್ ತಂತಿ ಕಿತ್ತುಬಿಡುವುದು. 'ಸರ್' ಎನ್ನುವುದನ್ನು ಮಾತ್ರ ಬಿಡಬಾರದು, ಮೆಟ್ಟಿಲಿಳಿಯುವವರೆಗೂ ಸರ್ರೇ. ಕೊನೆಗೆ ತಮ್ಮ ಊಟದ ಡಬ್ಬಿ ಬಿಚ್ಚಿ ಮಂತ್ರಿಯ ಮುಂದಿಡುವುದು. "ಸಮಾಧಾನ ಮಾತು ಏನೂ ಹೇಳಬಾರದಮ್ಮಾ. ಹೊಟ್ಟೆ ಖಾಲಿ ಇರೋವಾಗ ಹೇಳಿದ ಸಮಾಧಾನ ಕಿವಿಗೆ ಹೋಗೋಲ್ಲ. ಮೊದಲು ಅನ್ನ" ಎನ್ನುತ್ತಿದ್ದರು.

ಮಾಮನ ಡಬ್ಬಿಯಲ್ಲಿ ದಿನವೂ ಇರುತ್ತಿದ್ದದ್ದು ಒಂದೇ, ಮೊಸರನ್ನ. ಹೀಗೆ ಒಂದು ಸ್ವತಂತ್ರ ದೇಶದ ಆರು ಮಂದಿ ಒಳಾಡಳಿತ ಮಂತ್ರಿಗಳು ಅಧಿಕಾರ ಕಳಕೊಂಡ ಮೊದಲ ಗಂಟೆಯಲ್ಲಿ ತಿರುವಲ್ಲಿಕ್ಕೇಣಿಯ ಮೊಸರನ್ನವನ್ನು ನಿಂಬೆಕಾಯಿ ಉಪ್ಪಿನಕಾಯಿಯ ಜೊತೆ ತಿಂದಿದ್ದಾರೆ. ಹಲ್ಲಿಯ ಮಂತ್ರಿ ಎರಡು ಸಲ ಹಾಕಿಸಿಕೊಂಡರಂತೆ. ಆ ಕಚೇರಿಯ ಓಣಿಯಲ್ಲಿ ಒಂದು ಮಾತೇ ಹುಟ್ಟಿತ್ತು. ಯಾರಿಗಾದರೂ ಕುರ್ಚಿ ಹೋಗುವ ಸೂಚನೆ ಕಂಡರೆ, 'ಇವನಿಗೆ ಬಿಳಿ ಅನ್ನ ಹತ್ತಿರ ಬಂತು' ಎನ್ನುತ್ತಿದ್ದರಂತೆ.

ಇದನ್ನೆಲ್ಲ ನಾವು ಎಷ್ಟು ನಂಬಿದೆವು? ನಿಜ ಹೇಳುತ್ತೇನೆ, ನಾನು ಅರ್ಧ ನಂಬಿದ್ದೆ. ನನ್ನ ಯಜಮಾನರು ಕೋಯಂಬೇಡಿನ ತರಕಾರಿ ಮಾರುಕಟ್ಟೆಯ ಗದ್ದಲದಲ್ಲಿ ಅರ್ಧ ದಿನ ಕಳೆಯುವವರು, ಅವರಿಗೆ ನಂಬಲು ಪುರುಸೊತ್ತಿರಲಿಲ್ಲ. ನಮ್ಮ ಅಡುಗೆ ಭಟ್ಟರು ಮಾತ್ರ ಒಂದಕ್ಷರವನ್ನೂ ನಂಬಿರಲಿಲ್ಲ. ಅವರಿಗೆ ಮಾಮನ ಮೇಲೆ ಸಿಟ್ಟಿಗೆ ಕಾರಣವೂ ಇತ್ತು.

ಅಲ್ಲಿ ಒಂದು ಗಂಟೆಯಾದಾಗ ನಮಗೆ ಮೂರೂವರೆ. ಊಟದ ಗಲಾಟೆ ಮುಗಿದು, ಸಂಜೆಯ ತಿಂಡಿ ಶುರುವಾಗುವ ಮುಂಚೆ ಕೆಲಸದವರು ಕಾಫಿ ಕುಡಿಯುವ ಹೊತ್ತು. ಮಾಮನಿಗೆ ನನ್ನ ಮಗಳು ಮೊಬೈಲಿನಲ್ಲಿ ಆ ದೇಶದ ರೇಡಿಯೋ ಬರುವ ಹಾಗೆ ಮಾಡಿಕೊಟ್ಟಿದ್ದಳು. ಸರಿಯಾಗಿ ಮೂರೂವರೆಗೆ ಅವರು ಕಿವಿಗೆ ತಂತಿ ಸಿಕ್ಕಿಸಿ ಉಗ್ರಾಣದ ಬಾಗಿಲಲ್ಲಿ ನಿಂತುಬಿಡುತ್ತಿದ್ದರು. ಕಾಫಿಪುಡಿಯ ಕಪಾಟಿನ ಕೀಲಿ ಅವರ ಸೊಂಟದಲ್ಲಿ. ಹವಾಮಾನ ಶುರುವಾಗುವವರೆಗೆ ಕೀಲಿ ಬಿಚ್ಚುತ್ತಿರಲಿಲ್ಲ, ತಮ್ಮ ಮೊಸರನ್ನದ ಡಬ್ಬಿಯನ್ನೂ ಬಿಚ್ಚುತ್ತಿರಲಿಲ್ಲ.

"ಎಂತ ಮಾರಾಯ್ರೇ ಇದು" ಎಂದು ಭಟ್ಟರು ದಿನವೂ ಕೂಗುತ್ತಿದ್ದರು. "ಆಫ್ರಿಕಾದಲ್ಲಿ ಯಾವನೋ ಮಂತ್ರಿ ಉಂಟಾ ಇಲ್ವಾ ಅಂತ ಗೊತ್ತಾಗುವ ತನಕ ನನಗೆ ಕ್ರೋಂಪೇಟೆಯಲ್ಲಿ ಕಾಫಿ ಇಲ್ವಾ?"

"ಪತ್ತು ನಿಮಿಷ ಇರಿ ಭಟ್ರೇ. ಅಲ್ಲಿ ಒಬ್ಬನ ಲೈಫ್ ತೂಗ್ತಾ ಇದೆ. ನಿಮ್ಮ ಕಾಫಿ ಎಲ್ಲೂ ಓಡಿಹೋಗೋಲ್ಲ."

ಒಂದು ದಿನ ವಾರ್ತೆ ಕೇಳುತ್ತಿದ್ದ ಮಾಮ ಕಿವಿಯ ತಂತಿ ಕಿತ್ತು ಹಾರಿದರು. ನಿಜವಾಗಿಯೂ ಹಾರಿದರು, ಎಪ್ಪತ್ತು ದಾಟಿದ ಮನುಷ್ಯ. ಆ ದೇಶದ ಈಗಿನ ಒಳಾಡಳಿತ ಮಂತ್ರಿ ಹೆಂಡತಿಯ ಮಂಡಿ ಶಸ್ತ್ರಚಿಕಿತ್ಸೆಗೆ ಚೆನ್ನೈಗೆ ಬಂದಿದ್ದಾರಂತೆ! "ಈ ಹುಡುಗ ನನಗೆ ಗೊತ್ತು! ನನ್ನ ಕೊನೆ ವರ್ಷಗಳಲ್ಲಿ ಕೆಲಸಕ್ಕೆ ಸೇರಿದ ಚಿಕ್ಕ ಆಫೀಸರ್. ನನ್ನ ಬಾಗಿಲ ಹತ್ತಿರಾನೇ ನಿಲ್ತಾ ಇದ್ದ. ನಮ್ಮ ಹೋಟೆಲಿಗೆ ಕರೀತೀನಿ, ಪಾರುಂಗೊ, ನೋಡ್ತಾ ಇರಿ!"

ಭಟ್ಟರು ಸೌಟು ಹಿಡಿದು ಹೊರಗೆ ಬಂದರು. "ಅವ ಬಂದು ನಿಮ್ಮ ಗುರ್ತ ಹಿಡಿದ್ರೆ ಇನ್ನು ಜನ್ಮದಲ್ಲಿ ಕಾಫಿ ತಡ ಆಯ್ತು ಅಂತ ನಾನು ಬಾಯಿ ತೆರೆಯುದಿಲ್ಲ. ಹಿಡಿಯದಿದ್ರೆ? ಆ ಕೀಲಿ ನನ್ನ ಕೈಗೆ, ನೀವು ಮಾಧವರಂಗೆ ತಂಗಿ ಮನೆಗೆ. ಆಗ್ಬಹುದಾ?"

"ಆಗಲಿ" ಎಂದುಬಿಟ್ಟರು ಮಾಮ. ಹಾಗೆಂದು ಬಾಯಿಮಾತಿನಲ್ಲಿ ಬಿಡುವವರೇ? ಕೂಡಲೇ ಒಂದು ಒಡಂಬಡಿಕೆ ಬರೆದು, ಇಬ್ಬರೂ ಸಹಿ ಹಾಕಿ, ಸಾಕ್ಷಿ ಎಂದು ನನ್ನ ಕೈಯಲ್ಲೂ ಹಾಕಿಸಿದರು. ಆ ಸಹಿ ಹಾಕಲು ನನಗೆ ಮನಸ್ಸಿರಲಿಲ್ಲ. ಆ ತಂಗಿ ಒಳ್ಳೆಯವರೇ, ಅನ್ನಕ್ಕೆ ಕೊರತೆ ಮಾಡುವವರಲ್ಲ. ಆದರೆ ಮಾಮ ಹಿಂದೊಮ್ಮೆ ಎರಡು ದಿನ ಅಲ್ಲಿದ್ದು ಓಡಿಬಂದು, "ಅಲ್ಲಿ ನನಗೆ ಡ್ಯೂಟಿನೇ ಇಲ್ಲಮ್ಮಾ, ಸುಮ್ನೆ ಕೂತ್ಕೋ ಅಂತಾರೆ" ಎಂದು ಮಗುವಿನ ಹಾಗೆ ಮುಖ ಮಾಡಿದ್ದರು. ಕೂತರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಆಮಂತ್ರಣ ಪತ್ರಕ್ಕೆ ಮೂರು ಕರಡುಗಳಾದವು. ವಿಷಯ, ಉಲ್ಲೇಖ, ಸಂಖ್ಯೆ ಹಾಕಿದ ಪ್ಯಾರಾಗಳು. 'ಘನತೆವೆತ್ತ ಸಚಿವರು ಮಸಾಲೆ ದೋಸೆಯನ್ನು ಪರಿಶೀಲಿಸಲು ಕೃಪೆ ಮಾಡಬೇಕೆಂದು' ಎಂಬರ್ಥದ ಇಂಗ್ಲಿಷ್. ಕೆಳಗೆ ನನ್ನ ಯಜಮಾನರ ಸಹಿ. "ನಿಮ್ಮ ಹೆಸರು ಹಾಕಿ ಮಾಮಾ, ನೋಡಿದ ಕೂಡ್ಲೇ ನೆನಪಾಗ್ತದೆ" ಎಂದೆ. "ಪ್ರೋಟೋಕಾಲ್ ಪ್ರಕಾರ ಮಾಲೀಕರದೇ ಹೋಗಬೇಕು" ಎಂದು ತಲೆ ತಗ್ಗಿಸಿದರು. ನನ್ನ ಮಗಳು ಪತ್ರವನ್ನು ಆಸ್ಪತ್ರೆಯ ಸ್ವಾಗತ ಮೇಜಿನಲ್ಲಿ ಕೊಟ್ಟು ಬಂದು, "ಅಮ್ಮಾ, ಅಂಗೇ ಎಲ್ಲಾರುಂ ಸಿರಿಚ್ಚಾಂಗ" ಎಂದಳು. ಎಲ್ಲರೂ ನಕ್ಕರಂತೆ. ನಾವು ಕನ್ನಡದಲ್ಲಿ ಬೈದರೂ ಅವಳ ಉತ್ತರ ತಮಿಳಿನಲ್ಲೇ.

ಮೂರನೆಯ ದಿನ ಫೋನ್ ಬಂತು. ಮಂತ್ರಿಗಳ ಆಪ್ತ ಸಹಾಯಕ. ಆಸ್ಪತ್ರೆಯ ಬ್ರೆಡ್ಡು ತಿಂದು ಮಂತ್ರಿಗಳಿಗೆ ಸಾಕಾಗಿದೆ, ನಾಳೆ ಮಧ್ಯಾಹ್ನ ಮೂರಕ್ಕೆ ಬರುತ್ತಾರೆ!

ಆ ಇಪ್ಪತ್ತನಾಲ್ಕು ಗಂಟೆಯ ಗಲಾಟೆಯನ್ನು ನೆನೆದರೆ ನನಗೆ ಈಗಲೂ ತಲೆ ತಿರುಗುತ್ತದೆ. ಮಾಮ ಮೇಜುಗಳಿಗೆ ನಂಬರು ಹಾಕಿದರು. ನನ್ನ ಯಜಮಾನರು ಕೋಯಂಬೇಡಿನಿಂದ ಮದುವೆಗೆ ಬೇಕಾಗುವಷ್ಟು ಬಾಳೆಎಲೆ, ಎರಡು ಆಳೆತ್ತರದ ಬಾಳೆಕಂಬ ತಂದರು. ಸಾಗಿಸುವಾಗ ಒಂದು ಕಂಬ ಗಲ್ಲಾದ ಮೇಲೆ ಬಿದ್ದು ನಾನು ಎಲೆಯೊಳಗೆ ಮುಚ್ಚಿಹೋದೆ. ಪಂಥದಲ್ಲಿ ಮಾಮ ಸೋಲಲಿ ಎಂದು ಹಾರೈಸುತ್ತಿದ್ದ ಭಟ್ಟರೇ ನಾಲ್ಕು ಬಗೆಯ ಚಟ್ನಿ ಅರೆದರು. "ಮಂತ್ರಿ ಬರುದು ಮಾಮನ ಲೆಕ್ಕದಲ್ಲಿ ಆದ್ರೂ ದೋಸೆ ಹೋಗುದು ನನ್ನ ಲೆಕ್ಕದಲ್ಲಿ" ಎಂಬುದು ಅವರ ವಾದ. ಮಗಳು ಬಾಗಿಲಲ್ಲಿ ಆ ದೇಶದ ಬಾವುಟ ಬಿಡಿಸಿ ರಂಗೋಲಿ ಹಾಕಿದಳು. ಸರಿಯಾಗಿದೆಯೇ ಎಂದು ಮಾಮನನ್ನು ಕೇಳಿದ್ದಕ್ಕೆ, ರಹಸ್ಯ ಕಾಪಾಡಬೇಕಾದವರು ಆಕಾಶ ನೋಡುತ್ತಾ, "ಕೆಂಪು ಪಟ್ಟಿ ಇನ್ನೂ ಕೊಂಚ ಅಗಲ ಇರಬಹುದು ಅಂತ ಯಾರೋ ಹೇಳ್ತಾ ಇದ್ರು" ಎಂದರು.

ಮೂರು ಗಂಟೆಗೆ ಒಂದು ಕರಿ ಕಾರು, ಹಿಂದೆ ಒಂದು ಪೊಲೀಸ್ ಜೀಪು. ಇಳಿದವರು ಐವತ್ತು ದಾಟಿದ, ಎತ್ತರದ, ದಣಿದ ಕಣ್ಣಿನ ಮನುಷ್ಯ. ಜೊತೆಗೆ ಎರಡು ಮೊಬೈಲಿನ ಆಪ್ತ ಸಹಾಯಕ. ಯಜಮಾನರು ಹಾರ ಹಾಕಿದರು. ನಾನು ಮಾಮನನ್ನು ಹುಡುಕಿದೆ. ಅವರು ಕಂಬದ ಹಿಂದೆ ನಿಂತಿದ್ದರು! ಕೈಹಿಡಿದು ಎಳೆದು ತಂದು ಮಂತ್ರಿಯ ಎದುರು ನಿಲ್ಲಿಸಿದೆ. ಮಾಮ ತಲೆಬಾಗಿ ಅವರ ಭಾಷೆಯಲ್ಲಿ ಏನೋ ವಂದನೆ ಹೇಳಿದರು. ಮಂತ್ರಿ ಮೆಚ್ಚಿ ನಕ್ಕು, ಭಾಷೆ ಎಲ್ಲಿ ಕಲಿತಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. "ಸ್ವಲ್ಪ ಕಾಲ ಆ ಕಡೆ ಕೆಲಸದಲ್ಲಿದ್ದೆ ಸರ್" ಎಂದು ಹೇಳಿ ಮಾಮ ಹಿಂದೆ ಸರಿದರು. ಮಂತ್ರಿ ಕುರ್ಚಿ ಎಳೆದು ಕೂತು ಚಟ್ನಿಗಳನ್ನು ನೋಡತೊಡಗಿದರು. ಅಷ್ಟೇ. ಗುರುತಿಲ್ಲ, ಪರಿಚಯವಿಲ್ಲ.

ನನಗೆ ಅಳು ಬಂತು. ಅಡುಗೆಮನೆಯ ಕಿಂಡಿಯಲ್ಲಿ ಭಟ್ಟರ ಮುಖ ಕಂಡಿತು. ಗೆದ್ದವರ ಮುಖ ಹಾಗಿರುವುದಿಲ್ಲ. ಅವರಿಗೂ ಇದು ಬೇಕಾಗಿರಲಿಲ್ಲವೇನೋ, ಸೌಟನ್ನು ಸುಮ್ಮನೆ ಆ ಕೈಯಿಂದ ಈ ಕೈಗೆ ಬದಲಿಸುತ್ತಿದ್ದರು. ವಿಚಿತ್ರ ಎಂದರೆ ಮಾಮ ಒಬ್ಬರೇ ಹಗುರವಾಗಿದ್ದರು. ನೀರು ಹಾಕಿಸಿದರು, ಎಲೆ ಸರಿಮಾಡಿಸಿದರು, ಮಂತ್ರಿ ದೋಸೆಯನ್ನು ಚಾಕುವಿನಲ್ಲಿ ಕತ್ತರಿಸಲು ಹೊರಟಾಗ ಕೈಯಲ್ಲಿ ಮುರಿಯುವುದು ಹೇಗೆಂದು ಗಾಳಿಯಲ್ಲಿ ತೋರಿಸಿದರು. ಮಂತ್ರಿ ಖುಷಿಯಾಗಿ ಎರಡನೆಯ ದೋಸೆ ಹೇಳಿದರು.

ಮೂರೂವರೆ ಆಯಿತು. ಎಂಥ ದಿನವಾದರೂ ಅಭ್ಯಾಸ ಬಿಡುತ್ತದೆಯೇ? ಮಾಮ ಒಂದು ಕಿವಿಗೆ ತಂತಿ ಸಿಕ್ಕಿಸಿಕೊಂಡು ಉಗ್ರಾಣದ ಬಾಗಿಲಿಗೆ ಹೋದರು. ನಾನು ಅವರನ್ನೇ ನೋಡುತ್ತಿದ್ದೆ. ಒಂದು ನಿಮಿಷವೂ ಆಗಿರಲಿಲ್ಲ, ಅವರ ಮುಖದ ಬಣ್ಣ ಹೋಯಿತು. ತಂತಿ ಕಿತ್ತು ಜೇಬಿಗೆ ಹಾಕಿ, ಓಡದೆ, ಆದರೆ ಓಡುವಷ್ಟೇ ವೇಗವಾಗಿ ನನ್ನ ಹತ್ತಿರ ಬಂದರು.

"ಶಟರ್ ಅರ್ಧ ಇಳಿಸಮ್ಮಾ. ಕೇಳಬೇಡ, ಇಳಿಸು."

ನಾನು ಇಳಿಸಿದೆ. ಮಾಮ ಒಂದು ಲೋಟ ನೀರು ತುಂಬಿ, ಮಂತ್ರಿಯ ಪಕ್ಕ ನಿಂತು, ಅವರ ಎರಡೂ ಕೈಗೆ ಕೊಟ್ಟರು. ಮಂತ್ರಿ ಏನೆಂದು ಕೇಳುವಷ್ಟರಲ್ಲಿ ಸಹಾಯಕನ ಎರಡೂ ಮೊಬೈಲುಗಳು ಒಟ್ಟಿಗೆ ಹೊಡೆದುಕೊಳ್ಳತೊಡಗಿದವು. ಆತ ಒಂದನ್ನು ಕಿವಿಗಿಟ್ಟ, ಮಂತ್ರಿಯ ಮುಖ ನೋಡಿದ, ಎದ್ದ. ತಗ್ಗಿದ ಶಟರಿನ ಕೆಳಗೆ ಬಗ್ಗಿ ಹೊರಗೆ ಹೋದ. ಕಾರು ಹೊರಟ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಯಾರೋ ಏನೋ ಹೇಳಿರಬೇಕು, ಪೊಲೀಸ್ ಜೀಪೂ ಹೋಯಿತು. ಚೆನ್ನೈಯ ಬಿಸಿಲು, ಒಂದು ಅರ್ಧ ತಿಂದ ದೋಸೆ, ಕೊರಳಲ್ಲಿ ಹಾರ ಹಾಕಿಕೊಂಡ ಒಬ್ಬ ಮನುಷ್ಯ ಉಳಿದರು.

ನಮ್ಮಲ್ಲಿ ಯಾರಿಗೂ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಮಾಮನಿಗೆ ತಿಳಿದಿತ್ತು. "ಸರ್" ಎಂದರು, ಮೊದಲಿಗಿಂತ ಒಂದು ಚೂರು ಗಟ್ಟಿಯಾಗಿ. ಹಾರವನ್ನು ಮೆಲ್ಲಗೆ ತೆಗೆದು ಬದಿಗಿಟ್ಟರು. ಮೇಜಿನ ಮೇಲೆ ಕುಣಿಯುತ್ತಿದ್ದ ಮಂತ್ರಿಯ ಮೊಬೈಲನ್ನು ಎತ್ತಿ, ಅನುಮತಿ ಕೇಳುವಂತೆ ತಲೆಬಾಗಿ, ಆರಿಸಿಬಿಟ್ಟರು. ಆಮೇಲೆ ಮಾಳಿಗೆಗೆ ಹೋಗಿ ತಮ್ಮ ಡಬ್ಬಿ ತಂದು ಬಿಚ್ಚಿ, ಹೊಸ ಎಲೆ ಹಾಕಿ, ತಾವು ಮಧ್ಯಾಹ್ನ ತಿನ್ನದೆ ಉಳಿಸಿಕೊಂಡಿದ್ದ ಮೊಸರನ್ನವನ್ನು ಬಡಿಸಿದರು. ಪಕ್ಕದಲ್ಲಿ ಒಂದು ತುಂಡು ಉಪ್ಪಿನಕಾಯಿ.

ಆ ಮನುಷ್ಯ ಅನ್ನವನ್ನು ನೋಡಿದರು. ಮಾಮನ ಹಣೆಯ ನಾಮವನ್ನು ನೋಡಿದರು. ಮತ್ತೆ ಅನ್ನ, ಮತ್ತೆ ನಾಮ. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನು ಹೆದರಿದೆ, ಅವರು ನಗುತ್ತಿದ್ದರು! ಮೇಜು ಗುದ್ದಿ, ಎದ್ದು ನಿಂತು, ಕಣ್ಣಲ್ಲಿ ನೀರು ಸುರಿಸುತ್ತಾ, "ಬಿಳಿ ಅನ್ನ! ದೇವರೇ, ನನಗೆ ಬಿಳಿ ಅನ್ನ!" ಎಂದು ಇಂಗ್ಲಿಷಿನಲ್ಲಿ ಕೂಗಿದರು. "ನೀನು! ನೀನೇ ಅಲ್ಲವೇ! ನನ್ನ ಮೊದಲ ಮಂತ್ರಿಗೆ ನೀನು ಇದನ್ನು ಬಡಿಸಿದಾಗ ಬಾಗಿಲ ಬಿರುಕಿನಲ್ಲಿ ನೋಡಿ ನಕ್ಕವನು ನಾನು! ಇವನನ್ನು ಹುಡುಕಿಕೊಂಡು ನಾನೇ ಸಮುದ್ರ ದಾಟಿ ಬಂದೆನಲ್ಲ!" ಎಂದು ನನ್ನ ಯಜಮಾನರನ್ನು ಹಿಡಿದು ಅಲ್ಲಾಡಿಸಿದರು. ಮಾಮನೂ ನಗತೊಡಗಿದರು. ಕಿಂಡಿಯಲ್ಲಿದ್ದ ಭಟ್ಟರು ಏನೂ ಅರ್ಥವಾಗದೆ ಎಲ್ಲರಿಗಿಂತ ಜೋರಾಗಿ ನಕ್ಕರು. ಆ ಮನುಷ್ಯ ಕೂತು, ಕೈಯಲ್ಲೇ ಕಲಸಿ, ಅಷ್ಟನ್ನೂ ತಿಂದು ಎಲೆ ಖಾಲಿ ಮಾಡಿದರು. ಮತ್ತೆ ಬೇಕೆಂದರು. ಭಟ್ಟರು ಓಡಿ ಹೋಗಿ ಬಿಸಿ ಅನ್ನಕ್ಕೆ ಮೊಸರು ಕಲಸಿ ತಂದು ತಾವೇ ಬಡಿಸಿದರು.

ಅವರನ್ನು ಆಸ್ಪತ್ರೆಗೆ ಹೆಂಡತಿಯ ಹತ್ತಿರ ಮುಟ್ಟಿಸಿದ್ದು ನಮ್ಮ ತರಕಾರಿ ವ್ಯಾನಿನಲ್ಲಿ. ಮುಂದಿನ ಸೀಟು ಘನತೆವೆತ್ತವರಿಗೆ ಎಂದು ಮಾಮ ಹಟ ಹಿಡಿದರು. ಅವರು ಕೇಳಲಿಲ್ಲ, ಮಾಮನ ಜೊತೆ ಹಿಂದುಗಡೆ ಎಲೆಕೋಸಿನ ಮೂಟೆಯ ಮೇಲೆ ಕೂತರು. ಜಿ.ಎಸ್.ಟಿ. ರಸ್ತೆಯ ಸಿಗ್ನಲ್ಲಿನಲ್ಲಿ ಇಬ್ಬರೂ ಹಾಡು ಹೇಳುತ್ತಿದ್ದರೆಂದು ಯಜಮಾನರು ಹೇಳಿದರು. ಯಾವ ಹಾಡೋ, ರಾಷ್ಟ್ರಗೀತೆ ಇದ್ದರೂ ಇರಬಹುದು.

ಸಂಜೆ ಮಾಮ ಮರಳಿ ಬಂದಾಗ ಭಟ್ಟರು ಒಂದು ಕಾಫಿಯನ್ನು ಅವರ ಕೈಗೆ ಕೊಟ್ಟು, ಒಡಂಬಡಿಕೆಯ ಹಾಳೆಯನ್ನು ಹರಿದು ಒಲೆಗೆ ಹಾಕಿ, ಒಳಗೆ ಹೋದರು. ಮಾಮ ಆಮೇಲೂ ಎರಡು ವರ್ಷ ನಮ್ಮಲ್ಲಿ ಗಡೀಪಾರು ಮಾಡಿಕೊಂಡಿದ್ದರು. ಕಾಲು ಏಳದಂತಾದ ಮೇಲಷ್ಟೇ ತಂಗಿಯ ಮನೆಗೆ ಹೋದದ್ದು.

ಆ ಸಂಜೆ ನಾನು ಅವರನ್ನು ಬಿಡಲಿಲ್ಲ. ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, "ಬಂದ ಕೂಡ್ಲೇ ನಾನು ಇಂಥವ ಅಂತ ಹೇಳುದಲ್ವಾ ಮಾಮಾ? ಕಂಬದ ಹಿಂದೆ ಅಡಗಿದ್ದು ಯಾಕೆ? ನನ್ನ ಜೀವ ಬಾಯಿಗೆ ಬಂದಿತ್ತು" ಎಂದು ರೇಗಿದೆ.

ಅವರು ಕಾಫಿಯನ್ನು ಎತ್ತಿ ಹೊಯ್ದು ಆರಿಸಿದರು. "ಸೈನ್ ಹಾಕಿದ ಮೇಲೇ ನನಗೆ ಹೊಳೆದಿದ್ದಮ್ಮಾ. ಆ ಆಫೀಸಲ್ಲಿ ನನ್ನ ಮುಖ ಯಾರಿಗೆ ಜ್ಞಾಪಕ ಇರುತ್ತೆ? ಕೆಟ್ಟ ದಿನ ಬಂದವರಿಗೆ ಮಾತ್ರ. ಚೆನ್ನಾಗಿ ಇರೋವಾಗ ಸ್ಟೆನೋ ಮುಖ ಯಾರು ನೋಡ್ತಾರೆ? ಆ ಹುಡುಗ ಒಳಗೆ ಬಂದಾಗಿಂದ ಪೆರುಮಾಳ್ ದೇವರ ಹತ್ತಿರ ಒಂದೇ ಬೇಡ್ತಾ ಇದ್ದೆ. ಇವನು ನನ್ನ ಗುರುತು ಹಿಡೀಬಾರದು, ದೋಸೆ ತಿಂದು ಹಾಗೇ ಹೊರಟುಹೋಗಲಿ ಅಂತ."

"ಹಿಡೀದೆ ಹೋಗಿದ್ರೆ ನೀವು ಮಾಧವರಂಗೆ ಹೋಗ್ಬೇಕಿತ್ತಲ್ಲ ಮಾಮಾ?"

"ಹೂಂ" ಎಂದರು ಮಾಮ. "ಬೆಳಿಗ್ಗೇನೇ ಬ್ಯಾಗ್ ಕಟ್ಟಿಟ್ಟಿದ್ದೆ."